ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ವಿಮಾನ ತಯಾರಿಕೆ

ಎರಡನೆಯ ಮಹಾಯುದ್ಧದಲ್ಲಿ (1939–45) ಬ್ರಿಟನ್ ಸುಮಾರು 1,31,000 ವಿಮಾನಗಳನ್ನೂ ಜರ್ಮನಿ ಸುಮಾರು 1,19,000 ವಿಮಾನಗಳನ್ನೂ ತಯಾರಿಸಿದವು. ಮೊತ್ತವನ್ನಷ್ಟೇ ನೋಡಿದರೆ ಎರಡೂ ಹೆಚ್ಚುಕಡಿಮೆ ಸಮಸಮ. ಯಾವ ವರ್ಷ ಎಷ್ಟು, ಎಂಥ ವಿಮಾನ ಎಂದು ಬಿಡಿಸಿ ನೋಡಿದಾಗಲೇ ನಿಜವಾದ ಅಂತರ ತಿಳಿಯುವುದು.

1940ರಲ್ಲಿ ಬ್ರಿಟನ್ ಸುಮಾರು 15,000 ವಿಮಾನ ತಯಾರಿಸಿತು. ಜರ್ಮನಿಯದು 10,000ಕ್ಕೆ ತುಸು ಮೇಲೆ. ಯುದ್ಧಕ್ಕೆ ಮೊದಲೇ ಕಾರು ಕಂಪನಿಗಳ ನೆರವಿನಿಂದ ಕಟ್ಟತೊಡಗಿದ್ದ 'ನೆರಳು ಕಾರ್ಖಾನೆ'ಗಳು ಬ್ರಿಟನ್ನಿನ ಬೆನ್ನಿಗಿದ್ದವು. ಆ ವರ್ಷದ ಮೇ ತಿಂಗಳಲ್ಲಿ ವಿಮಾನ ಉತ್ಪಾದನೆಯ ಸಚಿವರಾದ ಲಾರ್ಡ್ ಬೀವರ್‌ಬ್ರೂಕ್ ಸ್ಪಿಟ್‌ಫೈರ್, ಹರಿಕೇನ್ ಸೇರಿ ಐದೇ ಮಾದರಿಗಳಿಗೆ ಆದ್ಯತೆ ಕೊಟ್ಟರು. ಬ್ರಿಟನ್ ಕಾಳಗ ನಡೆದ ಆ ಬೇಸಿಗೆಯಲ್ಲಿ ಕಳೆದುಕೊಂಡ ಫೈಟರ್‌ಗಳ ಜಾಗ ತುಂಬಲು ಹೊಸವು ಬರುತ್ತಲೇ ಇದ್ದವು. ಕೊರತೆ ಬಿದ್ದದ್ದು ಪೈಲಟ್‌ಗಳದು.

ಸೋವಿಯತ್ ಒಕ್ಕೂಟದ ಸಾಧನೆ ಇನ್ನೂ ಬೆರಗಿನದು. 1941ರ ಜರ್ಮನ್ ದಾಳಿಯ ಮುಂದೆ ಇಡೀ ಕಾರ್ಖಾನೆಗಳನ್ನೇ ಬಿಚ್ಚಿ, ರೈಲಿಗೇರಿಸಿ, ವೋಲ್ಗಾ ತೀರಕ್ಕೂ ಉರಲ್ ಪರ್ವತದಾಚೆಗೂ ಸಾಗಿಸಲಾಯಿತು. ವೊರೊನೆಜ್‌ನ ಕಾರ್ಖಾನೆ ಕುಯ್ಬಿಶೆವ್‌ನಲ್ಲಿ ಮತ್ತೆ ತಲೆಯೆತ್ತಿತು. ಮರುವರ್ಷವೇ ಉತ್ಪಾದನೆ ಸುಮಾರು 25,000ಕ್ಕೆ ಏರಿತು. ಅಲ್ಯೂಮಿನಿಯಂ ಸಾಲದಿದ್ದಾಗ ಯಾಕ್, ಲಾವೋಚ್ಕಿನ್ ಫೈಟರ್‌ಗಳಿಗೆ ಮರವನ್ನೇ ಬಳಸಿದರು. ಇಲ್-2 ದಾಳಿ ವಿಮಾನವೊಂದರದೇ ಸಂಖ್ಯೆ ಸುಮಾರು 36,000.

ಇಟಲಿ 1943ರ ಶರಣಾಗತಿಯವರೆಗೆ ತಯಾರಿಸಿದ್ದು ಸುಮಾರು 11,000 ಮಾತ್ರ. ಒಳ್ಳೆಯ ಎಂಜಿನ್‌ಗಳಿಗೆ ಅದು ಜರ್ಮನ್ ವಿನ್ಯಾಸವನ್ನೇ ನಂಬಬೇಕಾಯಿತು.

ಜರ್ಮನಿಯ ಉತ್ಪಾದನೆ ಶಿಖರ ಮುಟ್ಟಿದ್ದು ಸೋಲು ಹತ್ತಿರವಾದ 1944ರಲ್ಲಿ: ಸುಮಾರು 40,000. ಆ ವರ್ಷ ಬ್ರಿಟನ್ ತಯಾರಿಸಿದ್ದು 26,000ದಷ್ಟು. ಆದರೆ ಜರ್ಮನಿಯದರಲ್ಲಿ ಹೆಚ್ಚಿನವು ಖಾಲಿ ತೂಕ ಮೂರು ಟನ್ನಿಗೂ ಕಡಿಮೆಯಿದ್ದ ಮೆಸರ್‌ಶ್ಮಿಟ್ 109ರಂಥ ಒಂದೇ ಎಂಜಿನ್ನಿನ ಫೈಟರ್‌ಗಳು. ಬ್ರಿಟನ್ನಿನ ನಾಲ್ಕು ಎಂಜಿನ್ನಿನ ಲಂಕಾಸ್ಟರ್ ಬಾಂಬರ್‌ನ ಖಾಲಿ ತೂಕವೇ 16 ಟನ್ನಿಗೆ ಮೇಲೆ. ಎರಡನ್ನೂ ಒಂದೊಂದು ಎಂದು ಎಣಿಸುವುದು ಹೋಲಿಕೆಯಲ್ಲ. ಜರ್ಮನಿಯ ಆ 40,000ದ ಹಿಂದಿನ ಕ್ರೌರ್ಯವನ್ನೂ ಹೇಳದೆ ಬಿಡಲಾಗದು: ಫ್ಲೋಸೆನ್‌ಬುರ್ಗ್, ಗುಸೆನ್ ಯಾತನಾ ಶಿಬಿರಗಳ ಕೈದಿಗಳು ಮೆಸರ್‌ಶ್ಮಿಟ್ ಬಿಡಿಭಾಗಗಳಿಗಾಗಿ ಪ್ರಾಣ ಸವೆಸಿದರು. ಅಷ್ಟರಲ್ಲಿ ಜರ್ಮನಿಯ ಕೃತಕ ಪೆಟ್ರೋಲ್ ಘಟಕಗಳ ಮೇಲೆ ಮಿತ್ರಪಕ್ಷಗಳ ಬಾಂಬುಗಳು ಬಿದ್ದಿದ್ದವು. ಹೊಸ ಪೈಲಟ್‌ಗಳ ತರಬೇತಿಯ ಹಾರಾಟಕ್ಕೂ ಇಂಧನ ಸಾಲದಾಗಿ, ಸಿದ್ಧವಾದ ಎಷ್ಟೋ ಫೈಟರ್‌ಗಳು ನೆಲದ ಮೇಲೆಯೇ ಉಳಿದವು.