ಮರಳಿನ ಅಕ್ಷರ, ಮನೆಗೆ ಬಂದ ಪಾಠ

ಸಂಜೆ ಹೊತ್ತು ಕೂಡ್ಲಿಗಿ, ಕೊಟ್ಟೂರು ಸೀಮೆಯ ಯಾವುದೇ ಊರಿನ ಓಣಿಯಲ್ಲಿ ನಡೆದುಹೋದರೆ ಒಂದು ಮಾತು ಕಿವಿಗೆ ಬೀಳುತ್ತದೆ: 'ನಂಗೆಲ್ಲಿ ಬರ್ತೈತೆ, ನಿಮ್ಮಕ್ಕನ್ನ ಕೇಳು.' ಮೂರನೇ ಕ್ಲಾಸಿನ ಮಗು ಹೋಮ್‌ವರ್ಕಿನ ನೋಟ್‌ಬುಕ್ ಹಿಡಿದು ನಿಂತಿರುತ್ತದೆ. ತಾಯಿ ರೊಟ್ಟಿ ಬಡಿಯುತ್ತಿರುತ್ತಾಳೆ. ಮುಸ್ಲಿಮರ ಮನೆಯಾದರೆ ಇದೇ ಮಾತು ದಖನಿಯಲ್ಲಿ ಬರುತ್ತದೆ, ತಾಂಡಾದಲ್ಲಿ ಲಂಬಾಣಿಯಲ್ಲಿ. ಭಾಷೆ ಯಾವುದಾದರೂ ಆ ಮಾತಿನೊಳಗೆ ಒಂದು ನಾಚಿಕೆ ಇದೆ. ಈ ನಾಚಿಕೆ ಈ ತಾಯಂದಿರಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟ ನಾವು ಇನ್ನೂರು ವರ್ಷದ ಹಳೆಯ ಕಡತವೊಂದರ ಮುಂದೆ ನಿಲ್ಲಬೇಕಾಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಈ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಆಮೇಲೆ ಇಲ್ಲಿಗೆ ಸೇರಿತು. ಅದಕ್ಕೂ ಹಿಂದೆ ಇಡೀ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದ. 1953ರವರೆಗೆ ಇದು ಮದ್ರಾಸಿನ ಆಡಳಿತದಲ್ಲಿತ್ತು. ಹೀಗಾಗಿ ಇಲ್ಲಿಯ ಮಕ್ಕಳ ಓದುಬರಹದ ಹಳೆಯ ಲೆಕ್ಕ ಸಿಗುವುದು ಮದ್ರಾಸಿನ ದಫ್ತರದಲ್ಲಿ. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಉಳಿದ ಕಲೆಕ್ಟರುಗಳಲ್ಲಿ ಅನೇಕರು ಪಟ್ಟಿ ಕಳಿಸಿ ಕೈತೊಳೆದುಕೊಂಡರು. ಕ್ಯಾಂಬೆಲ್ ಮಾತ್ರ ಶಾಲೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನೂ ಬರೆದ. ಧರ್ಮಪಾಲ್ 1983ರಲ್ಲಿ ತಮ್ಮ ಪುಸ್ತಕದಲ್ಲಿ ಈ ವರದಿಯನ್ನು ಪೂರ್ತಿ ಅಚ್ಚು ಹಾಕಿಸಿದ ಮೇಲೆ ಅದು ಎಲ್ಲರ ಕೈಗೆ ಸಿಕ್ಕಿತು.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533, ಮಕ್ಕಳು 6,641. ಕನ್ನಡದ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21. ಇಂಗ್ಲಿಷಿನದು ಒಂದೇ ಒಂದು. ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ. ಮುಸ್ಲಿಂ ಹುಡುಗರು 243. ಹುಡುಗಿಯರು ಇಡೀ ಜಿಲ್ಲೆಗೆ 60. ಅವರಲ್ಲಿ ಮುಸ್ಲಿಮರ ಹೆಣ್ಣುಮಗು ಒಂದೂ ಇಲ್ಲ. ಈ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎನ್ನಲು ತನಗೆ ನಾಚಿಕೆಯಾಗುತ್ತದೆ ಎಂದು ಕಲೆಕ್ಟರನೇ ಒಪ್ಪಿಕೊಂಡಿದ್ದಾನೆ. ವಿಲಾಯಿತಿ ಬಟ್ಟೆ ಬಂದು ನೇಕಾರರ ಕೈ ಕಟ್ಟಿತು, ನಾಡು ಬಡವಾಯಿತು, ಹಿಂದೆ ಶಾಲೆಯಿದ್ದ ಊರುಗಳಲ್ಲಿ ಈಗ ಶಾಲೆ ಇಲ್ಲ ಎಂಬುದು ಅವನು ಕೊಡುವ ಕಾರಣ. ಆ ಮೊದಲ ನಾಚಿಕೆ ಸರ್ಕಾರದ್ದಾಗಿತ್ತು. ಅದು ರೊಟ್ಟಿ ಬಡಿಯುವ ತಾಯಿಯ ಪಾಲಿಗೆ ಬಂದದ್ದು ಆಮೇಲೆ.

ಕೂಲಿಮಠ, ಐಗಳ ಮಠ ಎಂದೆಲ್ಲ ನಮ್ಮ ಹಿರಿಯರು ಕರೆಯುತ್ತಿದ್ದ ಈ ಶಾಲೆಗಳು ಬೆಳಿಗ್ಗೆ ಆರಕ್ಕೆ ಶುರುವಾಗುತ್ತಿದ್ದವು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನ ಅಂಗೈ ಮೇಲೆ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುವುದು. ಸೋಮಾರಿಯ ಕೈ ಕಟ್ಟಿ ಮಾಡಿಗೆ ನೇತುಹಾಕುವುದೂ ಇತ್ತು. ಹಳೆಯದೆಲ್ಲ ಚೆಂದ ಎನ್ನುವವರು ಈ ಸಾಲುಗಳನ್ನೂ ಓದಬೇಕು. ಅಕ್ಷರ ಮಾತ್ರ ಮೊದಲು ಮೂಡುತ್ತಿದ್ದದ್ದು ಬೆರಳಿನಿಂದ, ಮರಳಿನ ಮೇಲೆ. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿ, ಇದ್ದಿಲು ಅಂಟು ಸವರಿ ಮಡಿಸಿದ ಬಟ್ಟೆಯ ಪುಸ್ತಕ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ತಪ್ಪಿದರೆ ಒರೆಸಿ ಮತ್ತೆ ಬರೆಯುವುದು. ಕೆಂಪು ಇಂಕಿನ ಗುರುತು ಅಲ್ಲಿ ಉಳಿಯುವಂತಿರಲಿಲ್ಲ.

ಅಕ್ಷರವಾದ ಮೇಲೆ ಕಾಗುಣಿತ, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು ಬರೆಯುವುದು, ಬಳಿಕ ಲೆಕ್ಕ. ಚಿಕ್ಕವರಿಗೆ ಕಲಿಸುವ ಕೆಲಸ ದೊಡ್ಡ ಹುಡುಗರದು. ಹೇಳಿಕೊಡುತ್ತ ಅವರ ಪಾಠವೂ ಗಟ್ಟಿಯಾಗುತ್ತಿತ್ತು. ಕ್ಯಾಂಬೆಲ್ ಬಾಯಿತುಂಬ ಹೊಗಳುವುದು ಇದನ್ನೇ. ಮದ್ರಾಸಿನ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಇಂಥ ಶಾಲೆಯೊಂದರಲ್ಲಿ ಮಕ್ಕಳು ಮರಳಲ್ಲಿ ಬರೆಯುವುದನ್ನು ನೋಡಿ, ಅದನ್ನು ಇಂಗ್ಲೆಂಡಿಗೆ ಒಯ್ದು, 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ್ದ. ಅಲ್ಲಿ ಇದಕ್ಕೆ 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು.

ನಮಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಈ ವರದಿಯಲ್ಲಿ ಬರಹವೆಲ್ಲ ನಡೆಯುವುದು ಶಾಲೆಯಲ್ಲೇ. ಮನೆಗೆ ಹೋಗುತ್ತಿದ್ದದ್ದು ಬಾಯಿಪಾಠ ಎಂದು ನಾವು ಊಹಿಸುತ್ತೇವೆ: ಮಗ್ಗಿ, ಪದ್ಯ, ಕಾಗುಣಿತದ ರಾಗ. ಅರ್ಥ ಗೊತ್ತಿಲ್ಲದ ಗಿಳಿಪಾಠ ಎಂದು ಕ್ಯಾಂಬೆಲ್ ಆ ಪದ್ಯಗಳನ್ನು ಹೀಗಳೆದಿದ್ದಾನೆ, ಅದರಲ್ಲಿ ನಿಜವಿದೆ. ಆದರೆ ಬಾಯಿಪಾಠವನ್ನು ಅಕ್ಷರ ಬಾರದ ಅಜ್ಜಿಯೂ ಕೇಳಬಲ್ಲಳು, ಎಡವಿದರೆ ತಡೆಯಬಲ್ಲಳು. ಬರೆಯುವ ಹೋಮ್‌ವರ್ಕ್ ಬಂದದ್ದೇ ಮನೆಯಲ್ಲಿ ಓದುಬಲ್ಲವರು ಇರುತ್ತಾರೆಂಬ ನಂಬಿಕೆಯ ಮೇಲೆ. 2011ರ ಜನಗಣತಿಯಲ್ಲೂ ಬಳ್ಳಾರಿ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 58. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಗುಳೆ ಹೋದರೆ ಮಗು ಉಳಿಯುವುದು ಅದೇ ಅಜ್ಜಿಯ ಬಳಿ.

ಮನೆಯ ಓದು ಲೆಕ್ಕಕ್ಕೆ ಬಾರದಿರುವುದು ಹಳೆಯ ಚಾಳಿ. ಮದ್ರಾಸ್ ನಗರದಲ್ಲಿ ಮನೆಯಲ್ಲೇ ಕಲಿಯುವವರು 26 ಸಾವಿರಕ್ಕೂ ಹೆಚ್ಚು ಎಂದು ಬಂದ ಲೆಕ್ಕವನ್ನು ಮನ್ರೋ 1826ರಲ್ಲಿ ಪೂರ್ತಿ ನಂಬಲಿಲ್ಲ. ಆದರೂ ಪಟ್ಟಿಗೆ ಸಿಗದೆ ಮನೆಯಲ್ಲಿ ಕಲಿಯುವವರು ಬಹಳ ಇದ್ದಾರೆಂದು ಒಪ್ಪಿದ. ನಮ್ಮ ಮನೆಗಳಲ್ಲಿ ಕುರ್‌ಆನ್ ಓದಲು ಕಲಿತ ಹೆಂಗಸರನ್ನೂ ಇಂದು ಯಾರೂ ಓದುಬಲ್ಲವರೆಂದು ಎಣಿಸುವುದಿಲ್ಲ. ಅವರಿಗೆ 'ಹಿಜ್ಜೆ' ಗೊತ್ತು. ಅಕ್ಷರಕ್ಕೆ ಸ್ವರ ಕೂಡಿಸಿ 'ಬೇ ಜಬರ್ ಬ' ಎಂದು ಬಿಡಿಸಿ ಹೇಳುವುದು, 'ಕ ಇಳಿ ಕಾ, ಕ ಗುಡಿಸು ಕಿ' ಎನ್ನುವುದು, ಎರಡೂ ಒಂದೇ ಜಾಣ್ಮೆ. ಕನ್ನಡ ಬಾರದ ಅಮ್ಮಿಯೂ ಮಗಳ ಕಾಗುಣಿತದ ರಾಗದಲ್ಲಿ ಒಂದು ಅಕ್ಷರ ಹಾರಿದರೆ ಗುರುತಿಸಬಲ್ಲಳು.

ಇನ್ನು 'ತಪ್ಪು' ಎನ್ನುವುದರ ಬಗ್ಗೆ. ಈ ಸೀಮೆಯ ಮಗು 'ಮನಿ' ಎಂದು ಬರೆಯುತ್ತದೆ, 'ಸಾಲಿ' ಎಂದು ಬರೆಯುತ್ತದೆ. ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ! ಮಹಾಪ್ರಾಣಗಳು ಕನ್ನಡಿಗರ ನಾಲಗೆಯಲ್ಲೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ದಖನಿ ಮನೆಯ ಮಗುವಿಗೆ ಕಷ್ಟ ಬೇರೆ ಕಡೆ. ಹುಟ್ಟಿನಿಂದ 'ಘರ್', 'ಭಾಯಿ' ಕೇಳಿದ ಅದಕ್ಕೆ ಘ, ಭ ಸಲೀಸು. 'ಳ' ಮಾತ್ರ ಒಲಿಯದು. ಹಳ್ಳಿ ಹೋಗಿ ಹಲ್ಲಿ ಆಗುತ್ತದೆ, ಊರಿಗೆ ಊರೇ ಗೋಡೆ ಹತ್ತುತ್ತದೆ. ಇದನ್ನು ದಡ್ಡತನವೆನ್ನದೆ, ನಾವು ಮನೆಯಲ್ಲಿ ಹೀಗೆ ಅನ್ನುತ್ತೇವೆ, ಪುಸ್ತಕದಲ್ಲಿ ಹಾಗೆ ಬರೆಯುತ್ತಾರೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಗು ಬೇಗ ಹಿಡಿಯುತ್ತದೆ. ಇಷ್ಟು ಹೇಳಲು ಪದವಿ ಬೇಕಿಲ್ಲ.

ಓದು ಬಲ್ಲ ತಂದೆಯ ತೊಡಕು ಇನ್ನೊಂದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಎಂದಲ್ಲ, ರ ಗ ಸ ದ ಎಂದು. ಬರೆಯಲು ಸುಲಭವಾದವು ಮೊದಲು. ಇದು ಗೊತ್ತಿಲ್ಲದ ತಂದೆ 'ಇನ್ನೂ ಆ ಆ ಈ ಈ ಬಂದಿಲ್ಲ' ಎಂದು ಗದರುತ್ತಾನೆ. ಅದೇ ನಲಿ-ಕಲಿಯಲ್ಲಿ ಸಹಪಾಠಿಗಳೇ ಕಲಿಸುವ ಗುಂಪೂ ಇದೆ. ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಗಿದ್ದು ಸುತ್ತಿಬಳಸಿ ಮನೆಗೆ ಬಂದಂತಾಯಿತು. ಒಂದು, ಎರಡನೇ ತರಗತಿಗೆ ಹೋಮ್‌ವರ್ಕ್ ಬೇಡವೆಂದು 2018ರಲ್ಲಿ ಕೇಂದ್ರ ಸರ್ಕಾರವೂ ರಾಜ್ಯಗಳಿಗೆ ಬರೆಯಿತು. 2020ರ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ 'ವಿದ್ಯಾಗಮ'ದ ಹೆಸರಲ್ಲಿ ಮೇಷ್ಟ್ರುಗಳು ಗುಡಿಯ ಕಟ್ಟೆ, ಮರದ ನೆರಳು ಹುಡುಕಿಕೊಂಡು ಬಂದು ಕೂತರು. ಕೆಲವೇ ತಿಂಗಳು ನಡೆದ ಆ ಪಾಠವನ್ನು ತಾಯಂದಿರು ಹೊಸ್ತಿಲಲ್ಲೇ ನಿಂತು ಕೇಳುವಂತಾಯಿತು.

ಊರ ಹೆಸರು ಬರೆಸುತ್ತಿದ್ದ ಆ ಹಳೆಯ ಐಗಳ ಉಪಾಯ ನಮಗೆ ಇಂದಿಗೂ ಒಪ್ಪುತ್ತದೆ. ಕೂಡ್ಲಿಗಿಯಲ್ಲಿ ದೀರ್ಘವೂ ಇದೆ, ಒತ್ತೂ ಇದೆ. ಕೊಟ್ಟೂರಿನಲ್ಲಿ ಟಕ್ಕೆ ಟ ಒತ್ತು, ಮೇಲೆ ಕೊಂಬಿನ ದೀರ್ಘ. ಹಡಗಲಿಯಲ್ಲಿ ಲ, ಹರಪನಹಳ್ಳಿಯಲ್ಲಿ ಳ. ಹಗರಿಬೊಮ್ಮನಹಳ್ಳಿಯನ್ನು ತಪ್ಪಿಲ್ಲದೆ ಬರೆದ ಮಗು ಒತ್ತಕ್ಷರವನ್ನು ಅರ್ಧ ಗೆದ್ದಂತೆಯೇ. ಸಂತೆಗೆ ಹೊರಟ ತಾಯಿಗೆ ಬೋರ್ಡು ಓದಲು ಬಾರದಿದ್ದರೂ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಗೊತ್ತು. ಸ್ಟ್ಯಾಂಡಿನಲ್ಲಿ ನಿಂತು 'ಅದರ ಮ್ಯಾಲೆ ಏನು ಬರದೈತಿ, ಓದು ನೋಡಾಣ' ಎಂದು ಅವಳು ಕೇಳಿದರೆ ಮಗು ಒಂದೊಂದೇ ಅಕ್ಷರ ಕೂಡಿಸುತ್ತ ಹೋಗುತ್ತದೆ. ಸರಿಯೋ ತಪ್ಪೋ ಹೇಳಲು ಅವಳಿಗೆ ಬರುತ್ತದೆ.