ಮೂರೇ ದನಿಯ ಚಿಪ್ಪು, ಅದನ್ನು ಬಿಡದ ಅಭಿಮಾನಿಗಳು



ಚರಿತ್ರೆ ಎಂದರೆ ರಾಯದುರ್ಗದ ಕೋಟೆ, ವಿಜಯನಗರದ ಅರಸರು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಈಚೆ ಕಡೆ ಬಂದದ್ದು, ಇಷ್ಟೇ ಎಂದು ನಮ್ಮಲ್ಲಿ ಬಹಳ ಮಂದಿಯ ಎಣಿಕೆ. 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದನ್ನು ಕೂಡ ಈಗ ಚರಿತ್ರೆಯ ಪಾಠದಲ್ಲೇ ಹೇಳಬೇಕಾಗಿದೆ. ಆದರೆ ಕಂಪ್ಯೂಟರಿಗೂ ನಲವತ್ತು ವರ್ಷ ದಾಟಿದ ಚರಿತ್ರೆ ಇದೆ. ಅದರಲ್ಲಿ ಹಾಡಿನ ಚರಿತ್ರೆಯೂ ಇದೆ. ಇಂದು ಆ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಕಡೆ 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಡಬ್ಬಿಗಳು ಬಂದವು. ಕ್ಯಾಸೆಟ್ ಹಾಕಿ ಮಾರಿಯೋ ಆಡಿದವರಿಗೆ ಅದರ ಟಿಂಗ್ ಟಿಂಗ್ ರಾಗ ಈಗಲೂ ಕಿವಿಯಲ್ಲಿದೆ. ಆ ರಾಗ ಮಾಡಿದವರು ಜಪಾನಿನ ಕೋಜಿ ಕೊಂಡೊ, ವರ್ಷ 1985. ಅದಕ್ಕೂ ಮೊದಲೇ ಯೂರೋಪಿನ ಮನೆಗಳಲ್ಲಿ ಮಕ್ಕಳು ಕಂಪ್ಯೂಟರಿನಲ್ಲಿಯೇ ಆಡುತ್ತಿದ್ದರು. ನಮ್ಮ ದೇಶದಲ್ಲಿ 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ಕೇಂದ್ರ ಸರ್ಕಾರ ಆಯ್ದ ಕೆಲವು ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಟ್ಟಿತು. ಹಳ್ಳಿ ಶಾಲೆಗಳ ಮಾತು ಬಿಡಿ!

ಯೂರೋಪಿನ ಮಕ್ಕಳ ಕೈಯಲ್ಲಿದ್ದ ಯಂತ್ರಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಕಮೊಡೋರ್ ಕಂಪನಿ 1982ರಲ್ಲಿ ಹೊರತಂದ ಕಮೊಡೋರ್ 64. ಅದರ ನೆನಪಿನ ಶಕ್ತಿ 64 ಕಿಲೋಬೈಟ್ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರೊಳಗೆ ಹಿಡಿಸುವುದಿಲ್ಲ. ಆದರೆ ಅದರಲ್ಲಿ ಒಂದು ವಿಶೇಷವಿತ್ತು. ಬಾಬ್ ಯಾನೆಸ್ ಎಂಬ ತರುಣ ಎಂಜಿನಿಯರ್ ರೂಪಿಸಿದ 'ಸಿಡ್' ಎಂಬ ಧ್ವನಿಯ ಚಿಪ್ಪು. ಬೇರೆ ಯಂತ್ರಗಳಲ್ಲಿ ಶಬ್ದ ಎಂದರೆ ಬರೀ ಬೀಪ್ ಬೀಪ್. ಇವರು ಸಂಗೀತ ಬಲ್ಲವರಾದ್ದರಿಂದ ನಿಜವಾದ ವಾದ್ಯವನ್ನೇ ಚಿಪ್ಪಿನೊಳಗೆ ಕೂರಿಸಲು ಹೊರಟರು. ಮುಂದೆ ಅವರೇ ಎನ್‌ಸಾನಿಕ್ ಎಂಬ ವಾದ್ಯ ತಯಾರಿಕೆಯ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು.

ಸಿಡ್ ಚಿಪ್ಪಿಗೆ ಇದ್ದದ್ದು ಮೂರೇ ದನಿ. ಅಂದರೆ ಒಂದು ಕ್ಷಣದಲ್ಲಿ ಮೂರು ಸ್ವರ ಮಾತ್ರ ನುಡಿಸಬಹುದು. ತಾಳ, ಮಂದ್ರದ ಬಾಸ್, ಮೇಲಿನ ರಾಗ, ಹಿಂದಿನ ಸ್ವರಮೇಳ ಎಲ್ಲವನ್ನೂ ಈ ಮೂರರಲ್ಲೇ ಹೊಂದಿಸಬೇಕು. ಹೇಗೆ ಹೊಂದಿಸಿದರು? ಇದು ಮಕ್ಕಳಿಗೆ ಹೇಳಲು ಬಹಳ ಚೆನ್ನಾದ ವಿಷಯ. ಶಾಲೆಯ ಹಾರ್ಮೋನಿಯಂ ತೆಗೆದುಕೊಂಡು ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ, ಒಂದು ಮೇಳದ ದನಿ ಬರುತ್ತದೆ. ಈಗ ಒಂದೇ ಬೆರಳಿನಿಂದ ಸ-ಗ-ಪ-ಸ-ಗ-ಪ ಎಂದು ಆದಷ್ಟು ಬೇಗ ಒತ್ತುತ್ತಾ ಹೋಗಿ. ನಮ್ಮ ಬೆರಳಿಗೆ ಅಷ್ಟು ವೇಗವಿಲ್ಲ. ಕಂಪ್ಯೂಟರಿಗೆ ಇದೆ. ಅದು ಸೆಕೆಂಡಿಗೆ 50 ಸಲ ಸ್ವರ ಬದಲಿಸಿದಾಗ ಕಿವಿಗೆ ಮೂರೂ ಸ್ವರ ಕೂಡಿದ ಹಾಗೆ ಕೇಳಿಸುತ್ತದೆ, ಜೊತೆಗೆ ಒಂದು ನೀರು ಗುಳುಗುಳು ಎಂದ ಹಾಗಿನ ನಾದ ಬರುತ್ತದೆ. ಒಂದು ದನಿಯಲ್ಲೇ ಮೂರರ ಕೆಲಸ! ಹಾಗೆಯೇ ಬಾಸ್ ಸ್ವರದ ಮೊದಲ ಚೂರಿನಲ್ಲಿ ಸರ್ ಎಂಬ ಗದ್ದಲದ ಶಬ್ದ ಸೇರಿಸಿದರೆ ಅದೇ ಡ್ರಮ್ ಆಯಿತು. ಬಡತನದಲ್ಲಿ ಸಂಸಾರ ತೂಗಿಸುವ ತಾಯಂದಿರ ಜಾಣತನದಂಥದು ಇದು.

ಈ ಜಾಣತನದಲ್ಲಿ ಎಲ್ಲರಿಗಿಂತ ಹೆಸರಾದವರು ಇಂಗ್ಲೆಂಡಿನ ಹಲ್ ಪಟ್ಟಣದ ರಾಬ್ ಹಬ್ಬರ್ಡ್. ಅವರು ಸಂಗೀತವನ್ನು ಕಾಗದದ ಮೇಲೆ ಸ್ವರಲಿಪಿಯಾಗಿ ಬರೆದು ಬಿಡುವಂತಿರಲಿಲ್ಲ, ಯಂತ್ರಭಾಷೆಯ ಅಂಕಿಗಳಲ್ಲಿ ತಾವೇ ಟೈಪು ಮಾಡಬೇಕಿತ್ತು. 1985ರಲ್ಲಿ 'ಮಾಂಟಿ ಆನ್ ದ ರನ್', 'ಕಮಾಂಡೊ', 'ಕ್ರೇಜಿ ಕಾಮೆಟ್ಸ್' ಆಟಗಳ ಸಂಗೀತ ಅವರದು. ಕಮಾಂಡೊ ಕೆಲಸವನ್ನು ಆಟದ ಕಂಪನಿಯ ಕಚೇರಿಯಲ್ಲೇ ಕೂತು ಒಂದೇ ರಾತ್ರಿಯಲ್ಲಿ ಮುಗಿಸಿದೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಮಾರ್ಟಿನ್ ಗಾಲ್ವೆ 1987ರಲ್ಲಿ 'ವಿಜ್‌ಬಾಲ್' ಆಟಕ್ಕೆ ಸಂಗೀತ ಕೊಟ್ಟರು. ಅದೇ ವರ್ಷ ಬೆನ್ ಡಾಗ್ಲಿಷ್ ಮತ್ತು ಆಂಟನಿ ಲೀಸ್ 'ದ ಲಾಸ್ಟ್ ನಿಂಜಾ' ಮಾಡಿದರು. ಜರ್ಮನಿಯಲ್ಲಿ ಕ್ರಿಸ್ ಹ್ಯೂಲ್ಸ್‌ಬೆಕ್, ಹಾಲೆಂಡಿನಲ್ಲಿ ಯರೂನ್ ಟೆಲ್. ಹೆಚ್ಚಿನವರು ಆಗ ಇಪ್ಪತ್ತರ ಆಸುಪಾಸಿನ ಹುಡುಗರು. ಹಬ್ಬರ್ಡ್ ಮಾತ್ರ ಮೂವತ್ತರ ಹತ್ತಿರದವರು.

ಆಟದ ಸಂಗೀತ ಮಕ್ಕಳ ಮನಸ್ಸಿಗೆ ಇಷ್ಟು ಹತ್ತಿರವಾದದ್ದೇಕೆ ಎಂದು ಕೇಳಬಹುದು. ಆಗ ಆಟಗಳು ಬರುತ್ತಿದ್ದದ್ದು ನಮ್ಮ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟಿನಲ್ಲಿ. ಆಟ ಯಂತ್ರಕ್ಕೆ ಇಳಿಯಲು ಹಲವು ನಿಮಿಷ ಕಾಯಬೇಕು. ಮಗು ಸುಮ್ಮನೆ ಕೂರುವುದಿಲ್ಲವಲ್ಲ? ಅದಕ್ಕಾಗಿ ಇಳಿಯುವ ಹೊತ್ತಿಗೆಂದೇ ಸಂಗೀತ ಹಾಕುತ್ತಿದ್ದರು. ಓಷನ್ ಎಂಬ ಕಂಪನಿಯ ಆಟಗಳಿಗೆ ಗಾಲ್ವೆ ಮಾಡಿದ ಇಂಥ ಸಂಗೀತವನ್ನು ಆಟಕ್ಕಿಂತ ಹೆಚ್ಚು ಪ್ರೀತಿಸಿದವರು ಇದ್ದಾರೆ. ದಿನವೂ ಸಂಜೆ ಅದೇ ರಾಗ, ಅದೇ ಕಾಯುವಿಕೆ. ನಮ್ಮಲ್ಲಿ ಆಕಾಶವಾಣಿಯ ಬೆಳಗಿನ ರಾಗ ಹಿರಿಯರ ಮನಸ್ಸಿನಲ್ಲಿ ಉಳಿದ ಹಾಗೆ ಅದು ಉಳಿಯಿತು.

ಕಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಹಬ್ಬರ್ಡ್ ಅಷ್ಟರಲ್ಲಿ ಅಮೆರಿಕಕ್ಕೆ ಹೋಗಿ ದೊಡ್ಡ ಕಂಪನಿಯೊಂದರಲ್ಲಿ ನೌಕರಿಗಿದ್ದರು. ಹಳೆಯ ಯಂತ್ರಗಳು ಅಟ್ಟ ಸೇರಿದವು, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಮಾಡಿದವರಿಗಾಗಲೀ ಮಾರಿದವರಿಗಾಗಲೀ ಇವನ್ನು ಕಾಪಿಡಬೇಕೆಂಬ ಯೋಚನೆ ಇರಲಿಲ್ಲ. ಆಗ ಕೈ ಹಾಕಿದವರೇ ಅಭಿಮಾನಿಗಳು, ಅಂದರೆ ಕಾದು ಕೂತಿದ್ದ ಆ ಮಕ್ಕಳೇ ದೊಡ್ಡವರಾಗಿ.

ಮೊದಲ ಕೆಲಸ ಸಂಗ್ರಹ. ಒಂದೊಂದೇ ಆಟವನ್ನು ಬಿಚ್ಚಿ ಅದರೊಳಗಿನ ಸಂಗೀತದ ತುಣುಕನ್ನಷ್ಟೇ ಬೇರ್ಪಡಿಸುವುದು, ಮಾಡಿದವರ ಹೆಸರು, ವರ್ಷ, ಕಂಪನಿ ಬರೆಯುವುದು. 'ಹೈ ವೋಲ್ಟೇಜ್ ಸಿಡ್ ಕಲೆಕ್ಷನ್' ಎಂಬ ಈ ಸಂಗ್ರಹ 1990ರ ದಶಕದಲ್ಲಿ ಶುರುವಾಗಿ ಇಂದು 50,000ಕ್ಕೂ ಮಿಕ್ಕು ರಾಗಗಳನ್ನು ಒಳಗೊಂಡಿದೆ. ಯಾರಿಗೂ ಸಂಬಳವಿಲ್ಲ. ಒಂದು ರಾಗ ಯಾರದೆಂದು ತಿಳಿಯಲು ವರ್ಷಗಟ್ಟಲೆ ಪತ್ರ ವ್ಯವಹಾರ ಮಾಡಿದ್ದೂ ಉಂಟು. ನಮ್ಮ ದೃಷ್ಟಿಯಲ್ಲಿ ರೀಮಿಕ್ಸಿಗಿಂತ ಈ ಪಟ್ಟಿಯ ಕೆಲಸವೇ ದೊಡ್ಡದು.

ಎರಡನೆಯದು ರೀಮಿಕ್ಸ್. ಮೂರು ದನಿಯ ರಾಗವನ್ನು ಗಿಟಾರ್, ಪಿಟೀಲು, ಪಿಯಾನೋ, ಹೊಸ ಸಿಂಥಸೈಜರುಗಳಲ್ಲಿ ಮತ್ತೆ ಕಟ್ಟುವುದು. ಇದರಲ್ಲಿ ಎರಡು ಪಂಗಡಗಳಿವೆ ಎನ್ನಬಹುದು. ಒಂದು ಪಂಗಡಕ್ಕೆ ಮೂಲದ ಒಂದು ಸ್ವರವೂ ತಪ್ಪಬಾರದು. ಇನ್ನೊಂದು ಪಂಗಡ ರಾಗದ ಎಳೆ ಹಿಡಿದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ತಮಾಷೆ ಏನೆಂದರೆ ಮೂಲ ಯಾವುದು ಎನ್ನುವುದೇ ಇಲ್ಲಿ ಗಟ್ಟಿಯಿಲ್ಲ. ಮೊದಲ ಕಾಲದ 6581 ಎಂಬ ಸಿಡ್ ಚಿಪ್ಪುಗಳ ಫಿಲ್ಟರು ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಒಂದು ಮನೆಯಲ್ಲಿ ಗಡಸಾಗಿ ಕೇಳಿದ ರಾಗ ಪಕ್ಕದ ಮನೆಯಲ್ಲಿ ಮಂಕಾಗಿ ಕೇಳುತ್ತಿತ್ತು. ಮುಂದೆ ಬಂದ 8580 ಚಿಪ್ಪಿನಲ್ಲಂತೂ ಕೆಲವು ಆಟಗಳ ಡ್ರಮ್ ಶಬ್ದ ಕೇಳದಷ್ಟು ಸಣ್ಣಗಾಯಿತು.

ಅಷ್ಟೇ ಅಲ್ಲ, ಮೂಲ ಎನ್ನುವುದೂ ಒಮ್ಮೊಮ್ಮೆ ಎರವಲೇ. 'ಮಾಂಟಿ ಆನ್ ದ ರನ್' ಸಂಗೀತದಲ್ಲಿ ಚಾರ್ಲ್ಸ್ ವಿಲಿಯಮ್ಸ್ ಎಂಬವರ 'ಡೆವಿಲ್ಸ್ ಗ್ಯಾಲಪ್' ಎಂಬ ಹಳೆಯ ರೇಡಿಯೋ ಸಂಗೀತದ ನೆರಳಿದೆ. ಕಮಾಂಡೊ ರಾಗ ಜಪಾನಿನ ತಮಾಯೊ ಕವಾಮೊಟೊ ಅವರ ಸಂಗೀತವನ್ನು ತಿರುಗಿಸಿ ಕಟ್ಟಿದ್ದು. ಇದರಲ್ಲಿ ಮೂಗು ಮುರಿಯುವಂಥದೇನೂ ಇಲ್ಲ. ನಮ್ಮ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಸುಮಾರು 40 ನೊಟ್ಟುಸ್ವರಗಳನ್ನು ಮಾಡಲಿಲ್ಲವೇ? ಅದರಲ್ಲಿ ಒಂದಕ್ಕೆ ಬ್ರಿಟಿಷರ ರಾಷ್ಟ್ರಗೀತೆಯದೇ ಧಾಟಿ.

ನಮ್ಮ ಗಡಿಯಲ್ಲಿ ಇದು ಇನ್ನೂ ಹತ್ತಿರದ ಮಾತು. ರಾಯದುರ್ಗದ ಹಳ್ಳಿಗಳಿಗೆ ಬಳ್ಳಾರಿ, ಮೊಳಕಾಲ್ಮುರಿನ ಕಡೆಯಿಂದ, ಮಡಕಶಿರಾ ಹಳ್ಳಿಗಳಿಗೆ ಪಾವಗಡ, ಶಿರಾ ಕಡೆಯಿಂದ ಹಾರ್ಮೋನಿಯಂ ಮೇಷ್ಟ್ರು ಬಂದು ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದರು. ಒಂದೇ ಧಾಟಿಗೆ ಈ ಊರಿನಲ್ಲಿ ಕನ್ನಡ ಪದ, ಆ ಊರಿನಲ್ಲಿ ತೆಲುಗು ಪದ್ಯ. ಧಾಟಿ ಯಾರದೆಂದು ಕೇಳಿದವರಿಲ್ಲ, ಬರೆದಿಟ್ಟವರಿಲ್ಲ. ಮೇಷ್ಟ್ರು ತೀರಿಕೊಂಡರೆ ಧಾಟಿಗಳೂ ಅವರ ಜೊತೆಗೇ ಹೋದವು. ಅಲ್ಲಿ ಆಟದ ಕ್ಯಾಸೆಟ್ಟಿನ ರಾಗಕ್ಕೆ ಕರ್ತೃವಿನ ಹೆಸರು, ವರ್ಷ ಹುಡುಕುವವರಿದ್ದಾರೆ. ಇಲ್ಲಿ ಇಡೀ ರಾತ್ರಿ ಆಡಿಸುತ್ತಿದ್ದ ಮೇಷ್ಟ್ರ ಹೆಸರು ಹಳೆಯ ಕರಪತ್ರದಲ್ಲಿ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ. ಇದನ್ನು ನೆನೆದಾಗ ಹೊಟ್ಟೆ ಉರಿಯುತ್ತದೆ.

ಹೆಸರಿನ ಪ್ರಶ್ನೆ ಬಂದದ್ದರಿಂದ ಒಂದು ಮೊಕದ್ದಮೆಯ ಕಥೆ ಹೇಳಲೇಬೇಕು. ಫಿನ್ಲೆಂಡಿನ ಯಾನೆ ಸುನಿ ಎಂಬ ತರುಣರು 2000ದಲ್ಲಿ 'ಅಸೆಂಬ್ಲಿ' ಎಂಬ ಕಂಪ್ಯೂಟರ್ ಕಲೆಯ ಮೇಳದಲ್ಲಿ 'ಆಸಿಡ್‌ಜಾಜ್ಡ್ ಈವ್ನಿಂಗ್' ಎಂಬ ರಾಗಕ್ಕೆ ಮೊದಲ ಬಹುಮಾನ ಪಡೆದರು. ಇದು ಆಟಕ್ಕೆಂದು ಮಾಡಿದ್ದಲ್ಲ, ಹಳೆಯ ಯಂತ್ರಗಳ ಅದೇ ಅಭಿಮಾನಿ ಬಳಗದ ಸ್ಪರ್ಧೆಗೆ ಮಾಡಿದ್ದು. ನಾರ್ವೆಯ ಗ್ಲೆನ್ ಗ್ಯಾಲೆಫಾಸ್ ಎಂಬವರು ಸುನಿಯವರ ಒಪ್ಪಿಗೆ ಪಡೆದು ಅದನ್ನು ಸಿಡ್ ಚಿಪ್ಪಿಗೆ ಹೊಂದಿಸಿದರು. ಒಪ್ಪಿಗೆ ಪಡೆದು ಎಂಬುದನ್ನು ಗಮನಿಸಿ, ದುಡ್ಡಿನ ವ್ಯವಹಾರ ಇಲ್ಲದ ಕಡೆಯೂ ಕೇಳಿಯೇ ಮಾಡುವ ಮರ್ಯಾದೆ ಆ ಬಳಗದಲ್ಲಿತ್ತು. 2006ರಲ್ಲಿ ಜಗತ್ಪ್ರಸಿದ್ಧ ಗಾಯಕಿ ನೆಲ್ಲಿ ಫುರ್ಟಾಡೊ ಅವರ 'ಲೂಸ್' ಆಲ್ಬಮ್ ಬಂತು. ಅದರ 'ಡೂ ಇಟ್' ಹಾಡಿನ ಹಿನ್ನೆಲೆ ಈ ರಾಗವನ್ನೇ ಎತ್ತಿಕೊಂಡದ್ದು ಎಂದು 2007ರ ಆರಂಭದಲ್ಲಿ ಅಭಿಮಾನಿಗಳು ಎರಡನ್ನೂ ಅಕ್ಕಪಕ್ಕ ಕೇಳಿಸಿ ಆರೋಪ ಮಾಡಿದರು. ಹಾಡಿನ ನಿರ್ಮಾಪಕರು ಅಮೆರಿಕದ ಟಿಂಬಲೆಂಡ್.

ಹಕ್ಕು ಕೊಂಡಿದ್ದ ಕರ್ನಲ್ ರೆಕಾರ್ಡ್ಸ್ ಎಂಬ ಕಂಪನಿ ಅಮೆರಿಕದ ಫ್ಲಾರಿಡಾದಲ್ಲಿ ದಾವೆ ಹೂಡಿತು. 2011ರಲ್ಲಿ ಸೋತಿತು, 2012ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾರಣ ರಾಗ ಬೇರೆ ಎಂದಲ್ಲ. ಆ ದೇಶದ ಕಾಯಿದೆಯಂತೆ ದಾವೆಗೆ ಮೊದಲು ಬೇಕಾದ ಕೃತಿ ನೋಂದಣಿ ಇರಲಿಲ್ಲ, ನೋಂದಣಿ ತಮಗೆ ಬೇಕಿಲ್ಲ ಎಂಬುದನ್ನು ರುಜುವಾತು ಮಾಡಲೂ ಆಗಲಿಲ್ಲ. ರಾಗ ಮೊದಲು ಎಲ್ಲಿ, ಹೇಗೆ ಪ್ರಕಟವಾಯಿತು ಎಂಬ ವಾದದಲ್ಲೇ ಮೊಕದ್ದಮೆ ಮುಗಿಯಿತು. ನಕಲೋ ಅಲ್ಲವೋ ಎಂಬ ಪ್ರಶ್ನೆ ಆ ನ್ಯಾಯಾಲಯದಲ್ಲಿ ತೀರ್ಮಾನಕ್ಕೇ ಬರಲಿಲ್ಲ. ನಮ್ಮ ದೇಶದ 1957ರ ಕಾಯಿದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಮಾಡಿದ ಕ್ಷಣದಿಂದಲೇ ಹಕ್ಕು ಇದೆ. ಹಾಡು, ನಾಟಕ ಬರೆಯುವ ಶಿಕ್ಷಕ ಬಂಧುಗಳು ಇದನ್ನು ತಿಳಿದಿರಬೇಕು. ಆದರೂ ದಿನಾಂಕ ಹಾಕಿ ಬರೆದಿಟ್ಟ ಒಂದು ಪ್ರತಿ ಇರಲಿ.

ಎಲ್ಲ ಕಥೆಯೂ ಹೀಗೆ ಕಹಿಯಲ್ಲ. ಇಂಗ್ಲೆಂಡಿನ ಕ್ರಿಸ್ ಅಬ್ಬಟ್ ಎಂಬ ಅಭಿಮಾನಿ 1990ರ ದಶಕದ ಕೊನೆಯಲ್ಲಿ ಮೂಲ ಸಂಗೀತಗಾರರಿಂದ ಪರವಾನಗಿ ಪಡೆದು 'ಬ್ಯಾಕ್ ಇನ್ ಟೈಮ್' ಎಂಬ ರೀಮಿಕ್ಸ್ ಸಿ.ಡಿ.ಗಳನ್ನು ತಂದರು. ಹತ್ತು ವರ್ಷ ಮರೆತಿದ್ದ ಕೆಲಸವನ್ನು ಯಾರೋ ಇನ್ನೂ ಕೇಳುತ್ತಿದ್ದಾರೆ ಎಂಬುದು ಆ ಸಂಗೀತಗಾರರಿಗೇ ಸೋಜಿಗ. ಡೆನ್ಮಾರ್ಕಿನ 'ಪ್ರೆಸ್ ಪ್ಲೇ ಆನ್ ಟೇಪ್' ಎಂಬ ತಂಡ ಗಿಟಾರು, ಡ್ರಮ್ಮುಗಳಲ್ಲಿ ಈ ರಾಗಗಳನ್ನು ವೇದಿಕೆಗೆ ತಂದಿತು. ಡಾಗ್ಲಿಷ್, ಹಬ್ಬರ್ಡ್ ಇಬ್ಬರೂ ಆ ತಂಡದ ಜೊತೆ ನುಡಿಸಿದ್ದಾರೆ. ಅಭಿಮಾನಿಗಳ ಮೇಳದಲ್ಲಿ ಮೂಲ ಕಲಾವಿದರೇ ಬಂದು ಕೂತು ನುಡಿಸಿದ್ದು!

2019ರ ಜೂನ್ 15ರಂದು ಹಬ್ಬರ್ಡ್ ಅವರ ಊರಾದ ಹಲ್ ಪಟ್ಟಣದ ಸಿಟಿ ಹಾಲಿನಲ್ಲಿ '8-ಬಿಟ್ ಸಿಂಫನಿ' ಎಂಬ ಕಛೇರಿ ನಡೆಯಿತು. ಅದರ ಹಿಂದೆಯೂ ಅಬ್ಬಟ್ ಅವರೇ ಇದ್ದರು. ಮೂರು ದನಿಗೆಂದು ಮಾಡಿದ ರಾಗಗಳನ್ನು ಹಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದವರು ಪಿಟೀಲು, ಕಹಳೆ, ಕೊಳಲುಗಳಲ್ಲಿ ನುಡಿಸಿದರು. 'ಲಾಸ್ಟ್ ನಿಂಜಾ' ಡಾಗ್ಲಿಷ್ ಅದನ್ನು ಕೇಳಲು ಇರಲಿಲ್ಲ. ಅವರು 2018ರ ಅಕ್ಟೋಬರ್ ತಿಂಗಳಲ್ಲಿ 52ನೆಯ ವಯಸ್ಸಿಗೇ ತೀರಿಕೊಂಡಿದ್ದರು.