ವಿನಿಪೆಗ್ಗಿನ ಗಿಡುಗಗಳು

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಸುರು ಮೈದಾನ, ಧ್ಯಾನಚಂದರ ಕೈಚಳಕ. ಕೆನಡಾದವರಿಗಾದರೋ ಹಾಕಿಯೆಂದರೆ ಮಂಜುಗಡ್ಡೆಯ ಅಂಗಳ, ಉಕ್ಕಿನ ಅಲಗು ಜೋಡಿಸಿದ ಪಾದರಕ್ಷೆ, ಚೆಂಡಿನ ಬದಲು ಜಾರುವ ರಬ್ಬರಿನ ಬಿಲ್ಲೆ. ಆ ಆಟದ ಚರಿತ್ರೆಯಲ್ಲಿ, ಪರಸ್ಥಳದಲ್ಲಿ ನೆಲೆಸಿ ತಾಯ್ನುಡಿಯನ್ನು ಉಳಿಸಿಕೊಂಡಿರುವ ನಮ್ಮಂಥವರು ತಿಳಿಯಬೇಕಾದ ಹವ್ಯಾಸಿ ಸಂಘವೊಂದುಂಟು. ಅದೇ ವಿನಿಪೆಗ್ ನಗರದ ‘ಫಾಲ್ಕನ್ಸ್’.

1875ರಲ್ಲಿ ಐಸ್‌ಲೆಂಡ್ ದ್ವೀಪದಿಂದ ಹೊರಟ ಬಡಕುಟುಂಬಗಳು ಕೆನಡಾದ ವಿನಿಪೆಗ್ ಸರೋವರದ ದಡದಲ್ಲಿ ಇಳಿದು ಗಿಮ್ಲಿ ಎಂಬ ಊರನ್ನು ಕಟ್ಟಿದುವು. ಮರುವರ್ಷವೇ ತಲೆದೋರಿದ ಸಿಡುಬು ನೂರರಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಆದರೂ ಅವರು ಎದೆಗುಂದದೆ 1877ರಲ್ಲಿಯೇ ತಮ್ಮ ಭಾಷೆಯಲ್ಲಿ ಪತ್ರಿಕೆಯೊಂದನ್ನು ಹೊರಡಿಸಿದರು. ಕೆಲಸವನ್ನರಸಿ ವಿನಿಪೆಗ್ ನಗರ ಸೇರಿದವರ ಮಕ್ಕಳು ಎರಡು ಸಂಘಗಳನ್ನು ಕಟ್ಟಿ ತಮ್ಮತಮ್ಮಲ್ಲೇ ಸೆಣಸುತ್ತಿದ್ದರು. 1910ರ ಸುಮಾರಿಗೆ ಇವೆರಡೂ ಒಂದಾಗಿ ಫಾಲ್ಕನ್ಸ್ ಆಯಿತು. ಫಾಲ್ಕನ್ ಎಂದರೆ ಗಿಡುಗ. ಐಸ್‌ಲೆಂಡಿನವರು ಹೆಮ್ಮೆಪಡುವ ಹಕ್ಕಿ.

ಅಷ್ಟರಲ್ಲಿ ಮಹಾಯುದ್ಧ ಬಂದಿತು. 1916ರಲ್ಲಿ ಆಟಗಾರರು 223ನೆಯ ಪಡೆಯನ್ನು ಸೇರಿದರು. ಅವರಲ್ಲಿ ಫ್ರಾಂಕ್ ಥಾರ್‌ಸ್ಟೈನ್ಸನ್ ಮತ್ತು ಜಾರ್ಜ್ ಕಂಬರ್ಸ್ 1918ರಲ್ಲಿ ರಣಭೂಮಿಯಲ್ಲಿ ಮಡಿದರು. ನಾಯಕ ಫ್ರಾಂಕ್ ಫ್ರೆಡ್ರಿಕ್ಸನ್ ಪ್ರಯಾಣ ಮಾಡುತ್ತಿದ್ದ ಹಡಗನ್ನು ಶತ್ರುಗಳು ಮುಳುಗಿಸಿದರೂ ಆತ ಬದುಕಿ ಉಳಿದ. ಆರು ವರ್ಷದವನಾಗುವವರೆಗೆ ಇಂಗ್ಲಿಷನ್ನೇ ಅರಿಯದಿದ್ದವನೀತ.

ದೇಶಕ್ಕಾಗಿ ಹೋರಾಡಿ ಮರಳಿದ ಈ ತರುಣರನ್ನು ನಗರದ ಹಿರಿಯ ಲೀಗಿನವರು ತಮ್ಮೊಡನೆ ಸೇರಿಸಿಕೊಳ್ಳಲೊಲ್ಲದೆ ಹೋದರು. ಇವರು ಗೊಣಗುತ್ತ ಕೂಡಲಿಲ್ಲ. ಸೆಲ್ಕರ್ಕ್, ಬ್ರ್ಯಾಂಡನ್ ಊರುಗಳೊಡನೆ ಕೂಡಿ ಬೇರೊಂದು ಲೀಗನ್ನೇ ಹೂಡಿದರು. ಕೊನೆಗೆ ಆ ಹಿರಿಯ ಲೀಗಿನಲ್ಲಿ ಗೆದ್ದ ತಂಡವನ್ನೇ ಸೋಲಿಸಿ, 1920ರ ಮಾರ್ಚಿಯಲ್ಲಿ ಟೊರಾಂಟೋ ವಿಶ್ವವಿದ್ಯಾನಿಲಯದ ತಂಡವನ್ನೂ ಮಣಿಸಿ, ಹವ್ಯಾಸಿಗಳ ಪರಮಪದವಾದ ಆಲನ್ ಕಪ್ಪನ್ನು ಪಡೆದರು. ಕಪ್ ಗೆದ್ದವರಿಗೆ ಆ್ಯಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಕೆನಡಾದ ಪರವಾಗಿ ಆಡುವ ಅವಕಾಶ. ಮನೆಗೂ ಹೋಗದೆ ನೇರವಾಗಿ ಹಡಗು ಹತ್ತಿದರು. ಆಡಿದ ಎಂಟು ಮಂದಿಯಲ್ಲಿ ಏಳು ಮಂದಿ ಐಸ್‌ಲೆಂಡ್ ಮೂಲದವರು.

ಮಂಜಿನ ಹಾಕಿಗೆ ಒಲಿಂಪಿಕ್ಸಿನಲ್ಲಿ ಅದೇ ಮೊದಲ ಪ್ರವೇಶ. ಏಪ್ರಿಲ್ 24ರಿಂದ 26ರವರೆಗೆ ಮೂರು ದಿನಗಳಲ್ಲಿ ಚೆಕೊಸ್ಲೊವಾಕಿಯದ ಮೇಲೆ 15-0, ಅಮೆರಿಕದ ಮೇಲೆ 2-0, ಸ್ವೀಡನ್ನಿನ ಮೇಲೆ 12-1 ಗೋಲುಗಳಿಂದ ಗೆದ್ದು ಸ್ವರ್ಣ ಪದಕಕ್ಕೆ ಪಾತ್ರರಾದರು. ಅದೇ ಆ್ಯಂಟ್‌ವರ್ಪಿನಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ, ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಬಂದರೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಮೇ ತಿಂಗಳಲ್ಲಿ ಫಾಲ್ಕನ್ಸ್ ಊರಿಗೆ ಮರಳಿದಾಗ, ಬಾಗಿಲು ಮುಚ್ಚಿದ್ದ ಆ ನಗರವೇ ಮೆರವಣಿಗೆ ಹೊರಡಿಸಿ ಎದುರುಗೊಂಡಿತು. ಅವರು ತಮ್ಮ ಹಕ್ಕಿಯ ಹೆಸರನ್ನು ಬಿಟ್ಟು ಕೆನಡಿಯರಾಗಲಿಲ್ಲ. ಆ ಹೆಸರನ್ನು ಹೊತ್ತೇ ಕೆನಡಾಕ್ಕೆ ಕೀರ್ತಿ ತಂದರು. ತಾಯ್ನುಡಿಯ ಅಭಿಮಾನಕ್ಕೂ ನೆಲೆಸಿದ ನಾಡಿನ ನಿಷ್ಠೆಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?